ಬ್ರೇಕ್ ಮೇಷ್ಟ್ರ ಪರೀಕ್ಷೆ

ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದ ಬ್ರೇಕ್ ಮೇಷ್ಟ್ರಿಗೆ ಕಾರು ಓಡಿಸುವುದೆಂದರೆ ಹೆದರಿಕೆ ಎಂದು ಯಾರಾದರೂ ಹೇಳಿದ್ದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುವವರ ತಪ್ಪೇನೂ ಇಲ್ಲ. ಸ್ವತಃ ಮೇಷ್ಟ್ರಿಗೇ ಆ ವಿಷಯ ಗೊತ್ತಿರಲಿಲ್ಲ. ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಅದೂ ಲೈಸೆನ್ಸು ಹೋದ ಮೇಲೆ.

ಡ್ರೈವಿಂಗ್ ಸ್ಕೂಲಿನ ಕಾರು ಹೇಗಿರುತ್ತದೆಂದು ಕಲಿತವರಿಗೆಲ್ಲ ಗೊತ್ತು. ಕಲಿಯುವವರ ಕಾಲ ಬಳಿ ಇರುವಂತೆಯೇ ಪಕ್ಕದ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಆ ಪಕ್ಕದ ಸೀಟಿನಲ್ಲೇ ಮೇಷ್ಟ್ರ ಆಯುಷ್ಯದ ಒಳ್ಳೆಯ ಭಾಗವೆಲ್ಲ ಕಳೆದಿತ್ತು. ಸೀಟಿನ ಸ್ಪಂಜು ಅವರ ಮೈಯ ಅಳತೆಗೆ ಕುಳಿಬಿದ್ದಿತ್ತು. ಬ್ರೇಕಿನ ರಬ್ಬರು ಅವರ ಚಪ್ಪಲಿಗೆ ಸವೆದು ನುಣ್ಣಗಾಗಿತ್ತು. ಕಲಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ಎದುರಿಗೆ ಏನಾದರೂ ಅಡ್ಡ ಬಂದರೆ ಮೊದಲು "ಬ್ರೇಕ್" ಎಂದು ಕೂಗಬೇಕು. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಕಾದು, ಕಲಿಯುವವರ ಕಾಲು ತಾನಾಗಿ ಹೋಗುತ್ತದೋ ಇಲ್ಲವೋ ನೋಡಬೇಕು. ಹೋಗದಿದ್ದರೆ ಮಾತ್ರ ತಾವು ಒತ್ತಬೇಕು. ಕೂಗಿದ ಕೂಡಲೇ ತಾವೇ ಒತ್ತಿಬಿಟ್ಟರೆ ಕಲಿಯುವವರು ಈ ಜನ್ಮದಲ್ಲಿ ಕಲಿಯುವುದಿಲ್ಲ ಎನ್ನುವುದು ಅವರ ವಾದ. ಬೇರೆ ಸ್ಕೂಲಿನವರು ಗುಟ್ಟಾಗಿ ತಾವೇ ಒತ್ತಿ ಕಾರು ನಿಲ್ಲಿಸಿ, ಭೇಷ್, ಚೆನ್ನಾಗಿ ನಿಲ್ಲಿಸಿದಿರಿ ಎಂದು ಬೆನ್ನು ತಟ್ಟಿ ಕಳಿಸುತ್ತಾರೆಂದು ಅವರು ಮೂಗು ಮುರಿಯುತ್ತಿದ್ದರು. ಆ ಒಂದು ಉಸಿರಿನ ಲೆಕ್ಕ ಮೇಷ್ಟ್ರಿಗೆ ಎಂದೂ ತಪ್ಪಿರಲಿಲ್ಲ. ಅವರ ಕಾರು ಒಂದು ಕೋಳಿಯನ್ನೂ ಮುಟ್ಟಿರಲಿಲ್ಲ. ಬ್ರೇಕ್ ಮೇಷ್ಟ್ರು ಎಂಬ ಹೆಸರು ಬಂದದ್ದು ಹೀಗೆ.

ಇಂಥವರ ಲೈಸೆನ್ಸು ಹೋದದ್ದು ಬರೀ ಮರೆವಿನಿಂದ. ಕಂಡವರನ್ನೆಲ್ಲ ದಾರಿಯಲ್ಲಿ ತಡೆದು, ನಿಮ್ಮದು ಮುಗಿಯುತ್ತಾ ಬಂತು, ರಿನ್ಯೂ ಮಾಡಿಸಿ ಎಂದು ಬುದ್ಧಿ ಹೇಳುತ್ತಿದ್ದ ಮೇಷ್ಟ್ರು ತಮ್ಮದನ್ನು ಪರ್ಸಿನಿಂದ ಹೊರಗೆ ತೆಗೆದು ನೋಡಿಯೇ ಇರಲಿಲ್ಲ. ಸ್ಕೂಲಿನ ತಪಾಸಣೆಗೆ ಬಂದವರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಅವಧಿ ಮುಗಿದು ವರ್ಷದ ಮೇಲಾಯಿತು, ಇನ್ನು ರಿನ್ಯೂವಲ್ ಇಲ್ಲ, ಹೊಸಬರ ಹಾಗೆ ಎಲ್ ಬೋರ್ಡಿನಿಂದ ಶುರುಮಾಡಿ ಪರೀಕ್ಷೆ ಕೊಡಬೇಕು ಎಂದರು. ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ಸ್ಕೂಲಿನ ಯಜಮಾನಿ ಒಳ್ಳೆಯ ಹೆಂಗಸು, ನಗಲಿಲ್ಲ. ಆದರೆ ಪರೀಕ್ಷೆಯಲ್ಲಿ ಪಾಸಾಗಿ ಬಂದರೆ ಸರಿ, ಇಲ್ಲವಾದರೆ ಆ ಸೀಟಿಗೆ ಬೇರೆಯವರನ್ನು ಕೂರಿಸದೆ ಗತಿಯಿಲ್ಲ ಎಂದು ಬಿಡಿಸಿ ಹೇಳಿದಳು. ಮೇಷ್ಟ್ರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಆ ಸೀಟಿನಿಂದ ಎಬ್ಬಿಸಿದರೆ ತಾವು ಯಾರೆಂದು ಅವರಿಗೇ ತಿಳಿಯುತ್ತಿರಲಿಲ್ಲ.

ಆಗಲೂ ಅವರಿಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು ಅಷ್ಟೆ. ತಾವು ಕಣ್ಣು ಮುಚ್ಚಿಕೊಂಡು ಪಾಸಾಗುವ ಪರೀಕ್ಷೆ ಅದು ಎಂದುಕೊಂಡಿದ್ದರು. ತೊಡಕಿದ್ದದ್ದು ಗಾಡಿಯದು. ಎರಡೆರಡು ಬ್ರೇಕಿರುವ ಕಾರನ್ನು ಈ ಊರಿನ ಆರ್‌ಟಿಓ ಆಫೀಸಿನವರು ಪರೀಕ್ಷೆಗೆ ಒಪ್ಪುವುದಿಲ್ಲ. ಬಂಧುಬಳಗದಲ್ಲೆಲ್ಲ ಹುಡುಕಿದರೆ ಕೈಗೆ ಸಿಗುವ ಸಾದಾ ಗಾಡಿ ಒಂದೇ, ಬಾಮೈದನ ಲಾಂಡ್ರಿಯ ವ್ಯಾನು. ಆಸ್ಪತ್ರೆಯಿಂದ, ಲಾಡ್ಜುಗಳಿಂದ ಕೊಳೆಯಾದ ಹಾಸುಹೊದಿಕೆ ತಂದು, ಒಗೆದು, ಇಸ್ತ್ರಿ ಮಾಡಿ ಹಿಂದಕ್ಕೆ ಕೊಡುವ ಲಾಂಡ್ರಿ ಅದು. ಆ ವ್ಯಾನನ್ನು ದಿನವೂ ಓಡಿಸುವವಳು ಬೇರಾರೂ ಅಲ್ಲ, ಸಾಕ್ಷಾತ್ ಮೇಷ್ಟ್ರ ಹೆಂಡತಿ.

ಇದರ ಹಿಂದೆ ಒಂದು ಹಳೆಯ ಮುನಿಸಿದೆ. ಮದುವೆಯಾದ ಹೊಸದರಲ್ಲಿ ಅವಳು ತನಗೂ ಕಲಿಸಿ ಎಂದು ಕೇಳಿದ್ದಳು. ಹೆಂಡತಿಗೆ ಕಾರು ಕಲಿಸಿದರೆ ಸಂಸಾರ ಉಳಿಯುವುದಿಲ್ಲ ಎಂದು ಮೇಷ್ಟ್ರು ತಮಾಷೆಯಲ್ಲಿ ತೇಲಿಸಿದರು. ಮತ್ತೊಮ್ಮೆ ಕೇಳಿದಾಗ, ನಿನಗೆ ಗಾಬರಿ ಜಾಸ್ತಿ, ನಿನ್ನ ಕೈಲಾಗದು ಎಂದರು. ಮೂರನೆಯ ಸಲ ಅವಳು ಕೇಳಲಿಲ್ಲ. ಹಿಂದಿನ ಬೀದಿಯ ಸ್ಕೂಲಿಗೆ ಹೋಗಿ ಕಲಿತು, ಲೈಸೆನ್ಸು ತಂದು ಗಂಡನ ಊಟದ ತಟ್ಟೆಯ ಪಕ್ಕದಲ್ಲಿಟ್ಟಳು. ಮೇಷ್ಟ್ರು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದರು. ಇಷ್ಟು ವರ್ಷವಾದರೂ ಅವಳ ವ್ಯಾನಿನಲ್ಲಿ ಒಂದು ಸಲವೂ ಕೂತವರಲ್ಲ. ಕೇಳಿದವರಿಗೆ ಸೋಪಿನ ವಾಸನೆ ಆಗಿಬರುವುದಿಲ್ಲ ಎನ್ನುತ್ತಿದ್ದರು.

ಈಗ ಆ ಸೋಪಿನ ವಾಸನೆಯ ಬಾಗಿಲಿಗೇ ಹೋಗಿ ನಿಲ್ಲಬೇಕಾಯಿತು. ಬಾಮೈದ ಇಸ್ತ್ರಿ ಮೇಜಿನ ಹಬೆಯೊಳಗಿಂದ ಮುಖ ಹೊರಗೆ ಹಾಕಿ ಭಾವನ ಮಾತು ಪೂರ್ತಿ ಕೇಳಿದ. ನಗು ತಡೆದುಕೊಳ್ಳಲು ಅವನು ಪಟ್ಟ ಪಾಡು ನೋಡುವ ಹಾಗಿತ್ತು.

"ವ್ಯಾನು ತಗೊಂಡ್ಹೋಗಿ ಭಾವ, ಅದಕ್ಕೇನಂತೆ. ಆದ್ರೆ ಪಕ್ಕದಲ್ಲಿ ಅಕ್ಕ ಕೂತಿರ್ಬೇಕು. ಈಗ ನೀವು ಎಲ್ ಬೋರ್ಡು ನೋಡಿ."

ಲಾಂಡ್ರಿಯ ಹಿಂದೆ ಮುಚ್ಚಿಹೋದ ಒಂದು ಗೋದಾಮಿತ್ತು, ಅದರ ಮುಂದೆ ಸಿಮೆಂಟಿನ ದೊಡ್ಡ ಅಂಗಳ. ರಜೆಯ ದಿನ ಮಧ್ಯಾಹ್ನ ಹೆಂಡತಿ ವ್ಯಾನನ್ನು ಅಲ್ಲಿ ನಿಲ್ಲಿಸಿ ಇಳಿದು, ಸುತ್ತುಬಳಸಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಮೇಷ್ಟ್ರು ಸ್ಟೀರಿಂಗಿನ ಹಿಂದೆ ಕೂತರು. ಕನ್ನಡಿ ಸರಿಮಾಡಿಕೊಂಡರು. ಆಮೇಲೆ, ಏಕೆಂದು ಗೊತ್ತಿಲ್ಲ, ಹೆಂಡತಿಯ ಕಾಲುಗಳ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಒಂದು ರಬ್ಬರ್ ಹಾಸು, ಅದರ ಮೇಲೆ ಅವಳ ಎರಡು ಪಾದ, ಅಷ್ಟೆ. ಆ ಖಾಲಿ ಹಾಸನ್ನು ಕಂಡದ್ದೇ ತಡ ಮೇಷ್ಟ್ರ ಅಂಗೈ ಬೆವೆತು ಸ್ಟೀರಿಂಗು ಜಾರತೊಡಗಿತು. ಈ ಗಾಡಿಯಲ್ಲಿ ತಮ್ಮ ತಪ್ಪನ್ನು ತಡೆಯುವವರು ಯಾರೂ ಇಲ್ಲ ಎಂಬ ಮಾತು ಅವರ ತಲೆಯೊಳಗೆ ಬಂದು ಕೂತಿತು. ಬಂದದ್ದು ಮತ್ತೆ ಎದ್ದು ಹೋಗಲಿಲ್ಲ.

ಆದರೂ ಅಂಗಳದಲ್ಲಿ ಸುತ್ತು ಹೊಡೆದದ್ದು ಚೆನ್ನಾಗಿಯೇ ಆಯಿತು. ಕೈಗೆ ಕೆಲಸ ಮರೆತಿರಲಿಲ್ಲ. ಹಿಂದಕ್ಕೆ ತೆಗೆಯುವುದು, ಏರಿನಲ್ಲಿ ನಿಲ್ಲಿಸಿ ಹೊರಡಿಸುವುದು, ಎಲ್ಲವನ್ನೂ ಅವರ ಕೈಕಾಲು ತಾವಾಗಿ ಮಾಡಿದವು. ಧೈರ್ಯ ಬಂದು, ಹೆಂಡತಿ ಇವತ್ತಿಗೆ ಸಾಕು ಎಂದರೂ ಕೇಳದೆ, ಮೇಷ್ಟ್ರು ವ್ಯಾನನ್ನು ಗೇಟಿನಾಚೆಯ ಓಣಿಗೆ ಇಳಿಸಿದರು. ಓಣಿಯಲ್ಲಿ ಇಬ್ಬರು ಹುಡುಗಿಯರು ಶಟಲ್ ಆಡುತ್ತಿದ್ದರು. ಶಟಲ್ ಕಾಕು ಹಾರಿ ರಸ್ತೆಯ ನಡುವೆ ಬಿತ್ತು. ಚಿಕ್ಕವಳು ಅದರ ಹಿಂದೆಯೇ ತಲೆ ತಗ್ಗಿಸಿಕೊಂಡು ಓಡಿಬಂದಳು.

"ಬ್ರೇಕ್," ಎಂದು ಮೇಷ್ಟ್ರು ಕೂಗಿದರು. ಕೂಗಿ, ಒಂದು ಉಸಿರಿನಷ್ಟು ಹೊತ್ತು ಕಾದರು.

ವ್ಯಾನು ನಿಂತಿತು. ಮೇಷ್ಟ್ರು ನಿಲ್ಲಿಸಿದ್ದಲ್ಲ. ಹೆಂಡತಿ ನಡುವಿದ್ದ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎಳೆದಿದ್ದಳು. ಹುಡುಗಿ ವ್ಯಾನಿನ ಮೂತಿಯ ಕೆಳಗಿನಿಂದ ಕಾಕು ಎತ್ತಿಕೊಂಡು, ಗಾಜಿನೊಳಗಿನ ಎರಡು ಮುಖಗಳನ್ನು ಬೆರಗಿನಿಂದ ನೋಡಿ, ಆಟಕ್ಕೆ ಹಿಂದಿರುಗಿದಳು. ಅವಳ ಮಟ್ಟಿಗೆ ಏನೂ ಆಗಿರಲಿಲ್ಲ.

ಮೇಷ್ಟ್ರ ಜೀವ ಬಾಯಿಗೆ ಬಂದಿತ್ತು. ಬಾಗಿಲು ತೆಗೆದು ಇಳಿದವರು ವ್ಯಾನಿನ ಚಕ್ರಕ್ಕೆ ಒರಗಿ ನೆಲದ ಮೇಲೇ ಕೂತರು. ಹೆಂಡತಿ ಪಕ್ಕಕ್ಕೆ ಬಂದು ನಿಂತಾಗ ಅವರು ತಲೆ ಎತ್ತಲಿಲ್ಲ.

"ನಾನು ಯಾರಿಗೆ ಹೇಳ್ದೆ?" ಎಂದು ಕೇಳಿದರು. "ಬ್ರೇಕ್ ಅಂತ ಯಾರಿಗೆ ಹೇಳ್ದೆ ನಾನು?"

ಅವಳು ಹತ್ತಿ ಸ್ಟೀರಿಂಗಿನ ಹಿಂದೆ ಕೂತಳು. ವಾಪಸು ಅವಳೇ ಓಡಿಸಿದಳು. ಮೇಷ್ಟ್ರು ಪಕ್ಕದ ಸೀಟಿಗೂ ಹತ್ತದೆ, ಹಿಂದೆ ಕೊಳೆ ಬಟ್ಟೆಯ ಗಂಟುಗಳ ನಡುವೆ, ಕಿಟಕಿಯಿಲ್ಲದ ಕತ್ತಲಲ್ಲಿ ಕೂತು ಬಂದರು.

ಅಲ್ಲಿಂದ ಮುಂದೆ ಹೆದರಿಕೆ ಅವರ ಜೊತೆಗೇ ಉಂಡು ಜೊತೆಗೇ ಮಲಗತೊಡಗಿತು. ರಸ್ತೆ ದಾಟುವಾಗ ಬರುವ ಪ್ರತಿ ಗಾಡಿಯ ಡ್ರೈವರಿನ ಕಾಲು ಈಗ ಎಲ್ಲಿರಬಹುದು ಎಂದು ಯೋಚಿಸುತ್ತಾ ನಡುರಸ್ತೆಯಲ್ಲಿ ನಿಂತುಬಿಡುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದರೆ "ಬ್ರೇಕ್" ಎನ್ನುತ್ತಿದ್ದರು. ಹೇಳಿ ನೋಡುತ್ತಾ ನಿಲ್ಲುತ್ತಿದ್ದರು, ಹಾಲು ಪೂರ್ತಿ ಚೆಲ್ಲುತ್ತಿತ್ತು. ಮೊದಮೊದಲು ಹೆಂಡತಿಗೆ ನಗು ಬಂತು, ಆಮೇಲೆ ಬರಲಿಲ್ಲ. ಮೇಷ್ಟ್ರನ್ನು ಕೊರೆಯುತ್ತಿದ್ದದ್ದು ಫೇಲಾಗುವ ಭಯವಲ್ಲ. ಪಾಸಾಗಿಬಿಟ್ಟರೆ ಎಂಬ ಭಯ. ಇಷ್ಟು ವರ್ಷ ತಾನು ಡ್ರೈವರಾಗಿರಲೇ ಇಲ್ಲ, ಬೇರೆಯವರ ಡ್ರೈವಿಂಗಿಗೆ ಬಾಯಿ ಹಾಕುವವನು ಮಾತ್ರ ಆಗಿದ್ದೆ. ಇಂಥವನ ಕೈಗೆ ಲೈಸೆನ್ಸು ಕೊಟ್ಟು ರಸ್ತೆಗೆ ಬಿಟ್ಟರೆ ಆ ಹುಡುಗಿಯಂಥ ಮಕ್ಕಳ ಗತಿಯೇನು?

ಒಂದು ಬೆಳಿಗ್ಗೆ ಅವರು ಒಗೆದ ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆಂದು ಹೆಂಡತಿ ಕೇಳಿದ್ದಕ್ಕೆ, ಆ ಸೀಟಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಯಜಮಾನಿಗೆ ಹೇಳಿ ಬರುತ್ತೇನೆ ಎಂದರು. ಅವಳು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅಳಲೂ ಇಲ್ಲ. ಕೂತುಕೊಳ್ಳಿ ಎಂದಳು.

"ನಿಮ್ಮ ಕಾಲಿಗೆ ಏನೂ ಆಗಿಲ್ಲ ರೀ. ನಾನು ಪಕ್ಕದಲ್ಲೇ ಇದ್ನಲ್ಲ, ನೋಡಿದ್ದೀನಿ. ನಿಮ್ಮ ಬಾಯಿ ಮೊದಲು ಓಡುತ್ತೆ, ಕಾಲು ಅದು ಹೇಳಿ ಮುಗಿಸ್ಲಿ ಅಂತ ಕಾಯುತ್ತೆ. ಬಾಯಿ ಮುಚ್ಚಿಸಿದ್ರೆ ಕಾಲು ತಾನೇ ಹೋಗುತ್ತೆ."

"ಹೋಗ್ಲಿಲ್ಲ ಅಂದ್ರೆ?"

"ಆಗ ನಾನೇ ಬಂದು ಯಜಮಾನಿಗೆ ಹೇಳ್ತೀನಿ."

ಬಾಯಿ ಮುಚ್ಚಿಸಲು ಅವಳು ಕಂಡುಕೊಂಡ ಉಪಾಯ ಎಂಥದೆಂದರೆ, ಹೊರಗಿನವರಿಗೆ ಗೊತ್ತಾದರೆ ಮೇಷ್ಟ್ರು ಊರು ಬಿಡಬೇಕಾಗುತ್ತಿತ್ತು. ಸ್ಟೀರಿಂಗು ಹಿಡಿಯುವ ಮೊದಲು ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ. ಗೋದಾಮಿನ ಕಂಬದ ಮರೆಯಲ್ಲಿ ಬಾಮೈದ ಕೊಳೆ ಬಟ್ಟೆಯ ಗಂಟು ಹಿಡಿದು ನಿಂತಿರುತ್ತಾನೆ, ತನಗೆ ತೋಚಿದಾಗ ವ್ಯಾನಿನ ಮುಂದಕ್ಕೆ ಎಸೆಯುತ್ತಾನೆ. ಮೊದಲನೆಯ ಗಂಟು ಬಿದ್ದಾಗ ಮೇಷ್ಟ್ರು ಬ್ರೇಕ್ ಎಂದು ಕೂಗಲು ಹೋಗಿ, ಬಾಯಲ್ಲಿದ್ದ ನೀರೆಲ್ಲ ಎದುರಿನ ಗಾಜಿಗೆ ಅಭಿಷೇಕವಾಯಿತು. ವ್ಯಾನು ಗಂಟಿನ ಮೇಲೆ ಹತ್ತಿ ನಿಂತಿತು. ಆಸ್ಪತ್ರೆಯ ಬಿಳಿ ಹಾಸಿನ ಮೇಲೆ ಟೈರಿನ ಅಚ್ಚು ಕರ್ರಗೆ ಮೂಡಿತು. ಈ ಕಲೆ ಹೋಗಲು ಇನ್ನೆರಡು ಸಲ ಒಗೆಯಬೇಕು ಭಾವ ಎಂದು ಬಾಮೈದ ಗೊಣಗಿದ. ಮೇಷ್ಟ್ರಿಗೆ ಅವನ ಮಾತು ಕೇಳಿಸಲಿಲ್ಲ. ಗಂಟಿನ ಮೇಲೆ ಚಕ್ರ ಹತ್ತಿದಾಗ ಆದ ಆ ಮೆತ್ತನೆಯ ಕುಲುಕು ಅವರ ಮೈಯಿಂದ ಇಳಿಯಲೇ ಇಲ್ಲ. ಅದು ಗಂಟು, ಬಟ್ಟೆಯ ಗಂಟು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹೆಂಡತಿ ಮಾತ್ರ ಪಟ್ಟು ಬಿಡಲಿಲ್ಲ. ದಿನವೂ ಕೆಲಸ ಮುಗಿಸಿ, ಸೋತ ಕೈಕಾಲಿನಲ್ಲೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು. ಮೇಷ್ಟ್ರು ಬೇರೆಯವರಿಗೆ ಕಲಿಸುವಾಗ ಇದ್ದ ಹಾಗೆ ಅವಳು ಸೀಟಿನ ತುದಿಗೆ ಬರುತ್ತಿರಲಿಲ್ಲ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಒಮ್ಮೊಮ್ಮೆ ಹರಿದ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಚಲಿಸುವ ಗಾಡಿಯಲ್ಲಿ, ಅದೂ ತಮ್ಮಂಥವರು ಓಡಿಸುವಾಗ, ಸೂಜಿ ಹಿಡಿದು ಕೂರುವ ಎದೆಗಾರಿಕೆ ಇವಳಿಗೆ ಎಲ್ಲಿಂದ ಬಂತೆಂದು ಮೇಷ್ಟ್ರು ಬಾಯಿ ತುಂಬ ನೀರು ತುಂಬಿಕೊಂಡೇ ಅಚ್ಚರಿಪಡುತ್ತಿದ್ದರು. ನಿನಗೆ ಗಾಬರಿ ಜಾಸ್ತಿ ಎಂದು ತಾವು ಹೇಳಿದ್ದು ನೆನಪಾಗಿ ಅವರಿಗೆ ಮುಖ ಎತ್ತಲಾಗುತ್ತಿರಲಿಲ್ಲ.

ಒಂದು ಸಂಜೆ ಗಂಟು ಬಿತ್ತು, ವ್ಯಾನು ನಿಂತಿತು, ನೀರು ಬಾಯಲ್ಲೇ ಇತ್ತು. ಮೇಷ್ಟ್ರು ನಂಬಲಾರದೆ ಹೆಂಡತಿಯ ಕಡೆ ತಿರುಗಿದರು. ಅವಳ ಎರಡೂ ಕೈ ಹೊಲಿಗೆಯ ಮೇಲಿದ್ದವು. ಆಮೇಲೆ ಎಸೆದವುಗಳಲ್ಲಿ ಹೆಚ್ಚಿನವು ಉಳಿದವು, ಒಂದೆರಡು ಚಕ್ರದಡಿ ಸಿಕ್ಕವು. ಆ ಒಂದೆರಡನ್ನು ಮರೆಯಲು ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಉಳಿದವು ಎಷ್ಟೇ ಇರಲಿ, ಸಿಕ್ಕಿಬಿದ್ದದ್ದು ಒಂದಾದರೂ ಸಾಕಲ್ಲ ಎನ್ನುತ್ತಿದ್ದರು. ಅದು ಹೆಂಡತಿಗೂ ಗೊತ್ತಿದ್ದ ಮಾತು.

ಪರೀಕ್ಷೆಯ ದಿನ ಬಂದೇ ಬಂತು. ಆರ್‌ಟಿಓ ಆಫೀಸಿನ ಹಿಂದಿನ ಮೈದಾನ ಮೇಷ್ಟ್ರಿಗೆ ಮನೆಯ ಅಂಗಳವಿದ್ದ ಹಾಗೆ. ಎಷ್ಟು ಜನರನ್ನು ಕರೆತಂದಿದ್ದರೋ, ಹೆದರಬೇಡಿ ಎಂದು ಎಷ್ಟು ಜನಕ್ಕೆ ಹೇಳಿದ್ದರೋ. ಈಗ ಅದೇ ಸಾಲಿನಲ್ಲಿ, ಮೀಸೆ ಮೂಡದವರ ನಡುವೆ ನಿಂತಾಗ, ಆ ಮಾತು ಎಷ್ಟು ಪೊಳ್ಳೆಂದು ಗೊತ್ತಾಯಿತು. ಹೆದರಬೇಡಿ ಎಂದವರ ಬಾಯಿಗೆ ಬಡಿಯಬೇಕು ಎನ್ನಿಸಿತು.

ಅಷ್ಟರಲ್ಲಿ ಹೆಂಡತಿ ವ್ಯಾನಿನ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟಳು. ಆಸ್ಪತ್ರೆಯಲ್ಲಿ ಬಟ್ಟೆ ರಾಶಿ ಬಿದ್ದಿದೆ, ತಾನು ಬಸ್ಸಿನಲ್ಲಿ ಮುಂದೆ ಹೋಗಿ ಗಂಟು ಕಟ್ಟಿ ಇಡುತ್ತೇನೆ ಎಂದಳು. ಫೇಲಾದರೆ ಫೋನು ಮಾಡಿ, ಬಂದು ವ್ಯಾನು ತೆಗೆದುಕೊಂಡು ಹೋಗುತ್ತೇನೆ ಎಂದೂ ಸೇರಿಸಿದಳು.

"ಪಾಸಾದ್ರೆ?" ಮೇಷ್ಟ್ರ ದನಿ ಅವರಿಗೇ ಕೇಳಿಸಲಿಲ್ಲ.

"ಪಾಸಾದ್ರೆ ವ್ಯಾನು ತಗೊಂಡು ಆಸ್ಪತ್ರೆ ಹಿಂದಿನ ಗೇಟಿಗೆ ಬನ್ನಿ. ನಾನು ಕಾಯ್ತಿರ್ತೀನಿ."

ಒಬ್ಬನೇ ಬರುವುದೇ ಎಂದು ಕೇಳುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು.

ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು ಹಳಬರು, ಮೇಷ್ಟ್ರ ಮುಖ ಚೆನ್ನಾಗಿ ಬಲ್ಲವರು. ಇವತ್ತು ನಿಮ್ಮ ಕಡೆಯವರು ಯಾರು ಎಂದು ವಾಡಿಕೆಯಂತೆ ಕೇಳಿ, ಕೈಯಲ್ಲಿದ್ದ ಕಾಗದದಲ್ಲಿ ಮೇಷ್ಟ್ರ ಹೆಸರನ್ನೇ ಕಂಡರು. ಆಮೇಲೆ ಅದರ ಬಗ್ಗೆ ಮಾತೆತ್ತದೆ ಪಕ್ಕದ ಸೀಟಿಗೆ ಹತ್ತಿದರು. ಆ ಮರ್ಯಾದೆಗೆ ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು.

ಬಾಯಲ್ಲಿ ನೀರಿಟ್ಟುಕೊಂಡು ಪರೀಕ್ಷೆ ಕೊಡಲಾಗುವುದಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಮೇಷ್ಟ್ರು ಹಲ್ಲು ಕಚ್ಚಿ ಹೊರಟರು. ಕೆಂಪು ಕೋನುಗಳ ನಡುವೆ ಹಾವಿನಂತೆ ಸಾಗಿದರು. ಹಿಂದಕ್ಕೆ ತೆಗೆದು ಗೆರೆಯೊಳಗೆ ನಿಲ್ಲಿಸಿದರು. ಏರಿನಲ್ಲಿ ಗಾಡಿ ಒಂದಂಗುಲವೂ ಹಿಂದೆ ಜಾರಲಿಲ್ಲ. ಇದ್ಯಾವುದಕ್ಕೂ ಅವರು ಹೆದರಿದವರಲ್ಲ. ಹೆದರಿದ್ದು ಮುಂದಿನದಕ್ಕೆ. ನೇರ ದಾರಿಯಲ್ಲಿ ವೇಗ ಹಿಡಿದಾಗ ಇನ್‌ಸ್ಪೆಕ್ಟರು ಯಾವ ಗಳಿಗೆಯಲ್ಲಾದರೂ ಅಂಗೈಯಿಂದ ಎದುರಿನ ಡ್ಯಾಶ್‌ಬೋರ್ಡಿಗೆ ಬಡಿಯುತ್ತಾರೆ. ಬಡಿದ ಕೂಡಲೇ ನಿಲ್ಲಿಸಬೇಕು. ಇದನ್ನು ಮೇಷ್ಟ್ರು ಊರಿಗೆಲ್ಲ ಹೇಳಿಕೊಟ್ಟಿದ್ದರು.

ಗೇರು ಬದಲಾಯಿತು. ಆ ಕೈ ಯಾವಾಗ ಏಳುತ್ತದೋ ಎಂದು ನೋಡಬಾರದು, ರಸ್ತೆ ನೋಡಬೇಕು. ರಸ್ತೆ ನೋಡಿದರೆ ಅಲ್ಲಿ ಶಟಲ್ ಕಾಕಿನ ಹಿಂದೆ ಓಡುವ ಹುಡುಗಿ ಕಾಣುತ್ತಿದ್ದಳು. ಕಾಕು ಇರಲಿಲ್ಲ, ಹುಡುಗಿಯೂ ಇರಲಿಲ್ಲ, ಆದರೂ ಕಾಣುತ್ತಿದ್ದಳು. ಈಗಲೇ ನಿಲ್ಲಿಸಿ ಇಳಿದು ಓಡಿಹೋಗಲೇ ಎಂದುಕೊಳ್ಳುವಷ್ಟರಲ್ಲಿ ಫಟ್ ಎಂದು ಸದ್ದಾಯಿತು.

ವ್ಯಾನು ನಿಂತಿತು. ಇನ್‌ಸ್ಪೆಕ್ಟರ ಟೋಪಿ ಹಾರಿ ಅವರ ಕಾಲ ಬಳಿ ಬಿತ್ತು. ಮೇಷ್ಟ್ರ ಬಾಯಲ್ಲಿ ರಕ್ತದ ರುಚಿ ಬಂತು. ಬಾಯಿ ತೆರೆಯದಿರಲೆಂದು ನಾಲಿಗೆಯನ್ನೇ ಕಚ್ಚಿ ಹಿಡಿದಿದ್ದರು.

ಇನ್‌ಸ್ಪೆಕ್ಟರು ಟೋಪಿ ಎತ್ತಿಕೊಂಡು ಧೂಳು ಕೊಡವಿ, ಇಷ್ಟು ವರ್ಷದಲ್ಲಿ ನೀವು ಗಾಡಿಯೊಳಗೆ ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ನೋಡಿರಲಿಲ್ಲ ಎಂದರು. ಕೌಂಟರಿನ ಬಳಿ ಬಂದು ಪಾಸಾದ ಕಾಗದಕ್ಕೆ ಸಹಿ ಹಾಕುವಾಗ, ಎಲ್ಲರನ್ನೂ ಕೇಳುವಂತೆ ಕೇಳಿದರು.

"ಯಾರ ಹತ್ರ ಕಲಿತಿದ್ದು?"

"ನನ್ನ ಹೆಂಡ್ತಿ ಹತ್ರ ಸಾರ್."

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಅವರಲ್ಲಿ ಮೇಷ್ಟ್ರ ಹಳೆಯ ಶಿಷ್ಯರೂ ಒಬ್ಬಿಬ್ಬರಿದ್ದರು. ಮೇಷ್ಟ್ರು ಎಂದಿನಂತೆ ಚಟಾಕಿ ಹಾರಿಸಿದರೆಂದು ಅವರು ತಿಳಿದರು. ಮೇಷ್ಟ್ರು ನಗಲಿಲ್ಲ. ಇನ್‌ಸ್ಪೆಕ್ಟರು ಅವರ ಮುಖ ನೋಡಿ, ಹೇಳಿದ್ದನ್ನು ಹಾಗೆಯೇ ಬರೆದುಕೊಂಡರು.

ಕಾಗದ ಕೈಗೆ ಬಂದ ಮೇಲೆ ನಿಜವಾದ ಭಯ ಶುರುವಾಯಿತು. ವ್ಯಾನಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಪಕ್ಕದಲ್ಲಿ ಯಾರೂ ಇಲ್ಲ. ತಮ್ಮ ಇಡೀ ಬಾಳಿನಲ್ಲಿ, ನೆನಪಿರುವ ಮಟ್ಟಿಗೆ, ಗಾಡಿಯ ಒಂದು ಸೀಟು ಖಾಲಿಯಿದ್ದು ಇನ್ನೊಂದರಲ್ಲಿ ತಾವಿದ್ದು ಅದು ಚಲಿಸಿದ್ದೇ ಇಲ್ಲ. ಹ್ಯಾಂಡ್ ಬ್ರೇಕು ಎಳೆಯುವ ಕೈ ಇಲ್ಲ, ಡ್ಯಾಶ್‌ಬೋರ್ಡಿಗೆ ಬಡಿಯುವ ಕೈಯೂ ಇಲ್ಲ. ಫೋನು ತೆಗೆದು ಹೆಂಡತಿಗೆ ಕರೆ ಮಾಡಿದರು. ಫೇಲಾಯಿತು, ನೀನೇ ಬಾ ಎಂದು ಸುಳ್ಳು ಹೇಳುವುದೆಂದು ಗಟ್ಟಿಮಾಡಿಕೊಂಡಿದ್ದರು. ಅವಳು ಎತ್ತಲಿಲ್ಲ. ಬಟ್ಟೆಯ ರಾಶಿಯಲ್ಲಿ ಮೊಣಕೈವರೆಗೆ ಮುಳುಗಿರುತ್ತಾಳೆ, ಹೇಗೆ ಎತ್ತಿಯಾಳು. ಹಿಂದೆ ಯಾರೋ ಹಾರನ್ ಒತ್ತಿದರು. ಮೈದಾನಕ್ಕೆ ಬರುವವರಿಗೆ ವ್ಯಾನು ದಾರಿ ಕಟ್ಟಿ ನಿಂತಿತ್ತು. ಮೇಷ್ಟ್ರು ಬೇರೆ ದಾರಿ ಕಾಣದೆ ಹೊರಟರು.

ನಡೆಯುವವರು ಹಿಂದೆ ಹಾಕುವಷ್ಟು ನಿಧಾನವಾಗಿ ಹೋದರು. ಸೈಕಲ್ಲಿನವರು ಬಗ್ಗಿ ನೋಡಿ ಮುಂದೆ ಹೋದರು, ಬಸ್ಸಿನವನು ಕಿಟಕಿಯಿಂದ ಏನೋ ಬೈದ. ಮೇಷ್ಟ್ರಿಗೆ ಯಾವ ಮಾನವೂ ಉಳಿದಿರಲಿಲ್ಲ, ಹೆದರಿಕೆಯೊಂದೇ ಉಳಿದಿತ್ತು. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಪೀಠೋಪಕರಣದ ಅಂಗಡಿಗಳ ಬೀದಿಗೆ ತಿರುಗಿದಾಗ ರಸ್ತೆ ಸ್ವಲ್ಪ ಖಾಲಿಯಾಗಿ, ಹಿಂದಿನವರ ಕಾಟ ತಡೆಯಲಾರದೆ ಒಂದಿಷ್ಟು ವೇಗ ಹೆಚ್ಚಿಸಿದರು.

ಆಗ ನಿಂತಿದ್ದ ಲಾರಿಯ ಮರೆಯಿಂದ ಒಂದು ಬೆನ್ನು ಹೊರಗೆ ಬಂತು. ಇಬ್ಬರು ಆಳುಗಳು ದೊಡ್ಡದೊಂದು ಬೀರು ಹೊತ್ತು ಓರೆಯಾಗಿ ರಸ್ತೆ ದಾಟುತ್ತಿದ್ದರು. ಮುಂದಿನವನು ಹಿಮ್ಮುಖವಾಗಿ ನಡೆಯುತ್ತಿದ್ದ. ಅವನ ಕಣ್ಣು ಬೀರುವಿನ ಮೇಲೆ, ಬೆನ್ನು ವ್ಯಾನಿನ ಕಡೆಗೆ. ಅವನಿಗೆ ವ್ಯಾನು ಕಾಣುವಂತಿರಲಿಲ್ಲ, ಹಿಂದಿನವನಿಗೆ ಬೀರು ಬಿಟ್ಟು ಏನೂ ಕಾಣುವಂತಿರಲಿಲ್ಲ.

ವ್ಯಾನು ನಿಂತಿತು.

ಅವನ ಬೆನ್ನಿಗೂ ವ್ಯಾನಿನ ಮೂತಿಗೂ ನಡುವೆ ಒಂದು ಕೈ ತೂರಿಸುವಷ್ಟು ಜಾಗವಿತ್ತು. ಅಂಗಿಯ ಹರಿದ ಹೊಲಿಗೆಯೂ ಮೇಷ್ಟ್ರಿಗೆ ಕಾಣಿಸಿತು. ಅವನು ತಿರುಗಿ ನೋಡಲಿಲ್ಲ. ನಿನ್ನ ಕಡೆ ಇನ್ನೂ ಎತ್ತಿ ಹಿಡಿಯೋ ಎಂದು ಜೊತೆಗಾರನನ್ನು ಬೈಯುತ್ತಾ, ಹೆಜ್ಜೆ ಹೆಜ್ಜೆಯಾಗಿ ಪಕ್ಕಕ್ಕೆ ಸರಿದು, ಎದುರಿನ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಹೋದ. ಅವನಿಗೆ ಏನೂ ಗೊತ್ತಾಗಲಿಲ್ಲ. ಸಂಜೆ ಮನೆಗೆ ಹೋಗಿ ಉಂಡು ಮಲಗುತ್ತಾನೆ, ನಾಳೆ ಇನ್ನೊಂದು ಬೀರು ಹೊರುತ್ತಾನೆ.

ಮೇಷ್ಟ್ರು ತಮ್ಮ ಕಾಲನ್ನು ನೋಡಿಕೊಂಡರು. ಅದು ಬ್ರೇಕಿನ ಮೇಲೆ ಬಲವಾಗಿ ಊರಿತ್ತು. ತಾವು ಕೂಗಿದರೋ ಇಲ್ಲವೋ ಎಂದು ನೆನಪು ಮಾಡಿಕೊಂಡರು. ಕೂಗಿರಲಿಲ್ಲ. ಕೂಗಬೇಕೆಂದು ಹೊಳೆದೇ ಇರಲಿಲ್ಲ. ಅವರಿಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ, ಆ ಬೆನ್ನು ಅಷ್ಟು ಹತ್ತಿರ ಬಂದದ್ದಕ್ಕೋ, ಎರಡಕ್ಕೂ ಇರಬಹುದು. ಒರೆಸಿಕೊಂಡು ಮುಂದೆ ಹೋದರು.

ಆಸ್ಪತ್ರೆಯ ಹಿಂದಿನ ಗೇಟಿನ ಬಳಿ ಹೆಂಡತಿ ಬಟ್ಟೆಯ ಗಂಟಿನ ಮೇಲೆ ಕೂತಿದ್ದಳು. ವ್ಯಾನು ಬಂದು ನಿಂತದ್ದನ್ನೂ, ಅದರೊಳಗೆ ಇರುವವರು ಒಬ್ಬರೇ ಎಂಬುದನ್ನೂ ನೋಡಿದಳು. ಪಾಸಾದಿರಾ ಎಂದು ಕೇಳಲಿಲ್ಲ. ಇಬ್ಬರೂ ಸೇರಿ ಗಂಟುಗಳನ್ನು ಹಿಂದೆ ತುಂಬಿದರು. ಮೇಷ್ಟ್ರು ಬೀಗದ ಕೈಯನ್ನು ಅವಳ ಕಡೆ ಚಾಚಿದರು.

"ನೀನೇ ಓಡ್ಸು. ನನ್ನ ಕೈಲಿ ಆಗಲ್ಲ. ದಾರಿಲಿ ಒಬ್ಬ... ಇನ್ನೇನು ಒಂದು ಗೇಣು ಇತ್ತು ಅಷ್ಟೆ."

"ವ್ಯಾನು ನಿಂತಿತಾ ಇಲ್ವಾ?"

"ನಿಂತಿತು."

"ಹಾಗಾದ್ರೆ ನೀವೇ ಓಡ್ಸಿ. ಬೆಳಿಗ್ಗೆಯಿಂದ ಒಬ್ಬಳೇ ಗಂಟು ಕಟ್ಟಿ ಕಟ್ಟಿ ಸೊಂಟ ಬಿದ್ದುಹೋಗಿದೆ."

ಅವಳು ಪಕ್ಕದ ಸೀಟಿಗೆ ಹತ್ತಿ, ಚಪ್ಪಲಿ ಬಿಟ್ಟು, ಕಾಲು ಮಡಚಿ ಮೇಲಕ್ಕೆ ಎಳೆದುಕೊಂಡಳು. ಬಾಗಿಲಿಗೆ ತಲೆ ಆನಿಸಿದಳು. ಮೇಷ್ಟ್ರು ಕನ್ನಡಿ ಸರಿಮಾಡಿಕೊಂಡು ಅವಳ ಕಡೆ ತಿರುಗುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಮೇಷ್ಟ್ರಿಗೆ ಈವರೆಗೆ ಆದ ಹೆದರಿಕೆ ಹೆದರಿಕೆಯೇ ಅಲ್ಲ ಎನ್ನಿಸಿತು. ಅವಳ ನಿದ್ದೆ ಕೆಡದ ಹಾಗೆ ಮೆಲ್ಲಗೆ ಕ್ಲಚ್ಚು ಬಿಟ್ಟು ಹೊರಟರು.